ಮಲಗಿದವನಿಗಾಗಿ ಮಾಡಿದ ಕುರ್ಚಿ

ಪುಣೆಗೆ ಬಂದ ಕನ್ನಡಿಗರು ಮೊದಲ ವರ್ಷ ಶನಿವಾರವಾಡಾ, ಸಿಂಹಗಡ ನೋಡುತ್ತಾರೆ. ಜುನಾ ಬಜಾರ್ ಗೊತ್ತಾಗಲು ಎರಡು ಮೂರು ವರ್ಷ ಬೇಕು. ಬುಧವಾರ ಮತ್ತು ಭಾನುವಾರ ನಡೆಯುವ ಹಳೇ ಸಾಮಾನಿನ ಸಂತೆ ಅದು. ಹಿತ್ತಾಳೆ ಬೀಗ, ನಿಂತುಹೋದ ಗಡಿಯಾರ, ಯಾರದೋ ಮನೆಯ ಟೇಬಲ್ ಫ್ಯಾನು, ಎಲ್ಲ ನೆಲದ ಮೇಲೆ ಹರಡಿರುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಅಲ್ಲಿ ಮೂರು ಕಾಲಿನ ಒಂದು ಸ್ಟೂಲು ಕೊಂಡೆ. ದುಂಡನೆಯ ಹಲಗೆ, ಮೇಲ್ಗಡೆ ಬಾಗಿದ ಕಾಲುಗಳು, ಅದರಲ್ಲೊಂದು ಸಡಿಲ. ಮನೆಯಿಂದ ಕೆಲಸ ಮಾಡುವ ದಿನ ನೀರಿನ ಬಾಟಲಿ ಇಡಲು ಆದೀತು ಎಂದುಕೊಂಡಿದ್ದೆ, ಅಷ್ಟೆ.

ನಮ್ಮ ಸೊಸೈಟಿಯ ಹಿಂದಿನ ಓಣಿಯಲ್ಲಿ ಆಳಂದ ಕಡೆಯ ಬಡಿಗರೊಬ್ಬರು ಅಂಗಡಿ ಇಟ್ಟಿದ್ದಾರೆ. ನಾನು ಅಲ್ಲಿಗೆ ಹೋಗುವುದು ಕೆಲಸಕ್ಕಿಂತ ಹೆಚ್ಚಾಗಿ ಕನ್ನಡ ಮಾತಾಡುವ ಆಸೆಗೆ. ಅವರು ಸ್ಟೂಲನ್ನು ಬೋರಲು ಹಾಕಿ, ಕಾಲು ಬಾಗುವ ಜಾಗವನ್ನು ಉಗುರಿನಿಂದ ಗೀರಿ ನೋಡಿ, ಇದು ಕೊರೆದು ಮಾಡಿದ ಬಾಗು ಅಲ್ಲ, ಬಗ್ಗಿಸಿದ್ದು ಎಂದರು. ಕೆಳಗೆ ಪೂರ್ತಿ ಗಟ್ಟಿ ಮರ. ಬಾಗುವಲ್ಲಿ ಮಾತ್ರ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಈ ಉಪಾಯ ಯಾರಿಗೆ ಹೊಳೆಯಿತು ಎಂದು ಅವರು ನನ್ನನ್ನೇ ಕೇಳಿದರು. ಎಂಟೆಕ್ ಓದಿದವನಿಗೆ ಇಷ್ಟಾದರೂ ಗೊತ್ತಿರಬೇಕು ಎಂಬುದು ಅವರ ಲೆಕ್ಕ.

ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಹುಡುಕುತ್ತ ಕೂತಾಗ ಒಂದು ಹೆಸರು ಸಿಕ್ಕಿತು: ಆಲ್ವಾರ್ ಆಲ್ಟೊ, ಫಿನ್‌ಲೆಂಡಿನ ವಾಸ್ತುಶಿಲ್ಪಿ. ಬರೀ ಆಲ್ಟೊ ಎಂದು ಹುಡುಕಿದರೆ ಮಾರುತಿ ಕಾರು ಬರುತ್ತದೆ, ಹಾಗಾಗಿ ಪೂರ್ತಿ ಹೆಸರು ಬರೆಯಬೇಕು. ನನ್ನದು ಆತನ 1933ರ ಸ್ಟೂಲಿನ ಯಾವುದೋ ನಕಲು. ಅಸಲಿಗೆ ಈಗಿನ ಬೆಲೆ ನಮ್ಮ ಎರಡು ಬೆಡ್‌ರೂಮಿನ ಫ್ಲಾಟಿನ ಒಂದು ತಿಂಗಳ ಬಾಡಿಗೆಗೆ ಹತ್ತಿರ. ಆದರೆ ಹುಡುಕಾಟ ಸ್ಟೂಲಿಗೆ ನಿಲ್ಲಲಿಲ್ಲ. ಅದು ಒಂದು ಕ್ಷಯ ಆಸ್ಪತ್ರೆಗೆ ಹೋಯಿತು, ಅಲ್ಲಿಂದ ಅಥಣಿಯ ನಮ್ಮ ಮನೆಯ ಪಡಸಾಲೆಗೆ ಬಂತು.

ಹ್ಯೂಗೊ ಆಲ್ವಾರ್ ಹೆನ್ರಿಕ್ ಆಲ್ಟೊ ಹುಟ್ಟಿದ್ದು 1898ರ ಫೆಬ್ರವರಿ 3ರಂದು, ಕುವೊರ್ತಾನೆ ಎಂಬ ಊರಿನಲ್ಲಿ. ಆಗ ಫಿನ್‌ಲೆಂಡ್ ಸ್ವತಂತ್ರ ದೇಶವಲ್ಲ, ರಷ್ಯಾದ ಜಾರ್ ದೊರೆಯ ಆಳ್ವಿಕೆಗೆ ಸೇರಿದ ಸೀಮೆ. ಅಪ್ಪ ಭೂಮಾಪಕ. ನಮ್ಮಲ್ಲಿ ಸರ್ವೇದವರು ಅನ್ನುತ್ತೇವಲ್ಲ, ಅದೇ ಕೆಲಸ. ಮನೆಯಲ್ಲಿ ಒಂದು ದೊಡ್ಡ ಬಿಳಿ ಮೇಜಿತ್ತು. ಅದರ ಮೇಲೆ ನಕಾಶೆ ಹರಡಿಕೊಂಡು ಅಪ್ಪನ ಸಹಾಯಕರು ಗೆರೆ ಎಳೆಯುತ್ತಿದ್ದರೆ, ಹುಡುಗ ಕೆಳಗೆ ಆಡಿಕೊಂಡಿರುತ್ತಿದ್ದ. ಸ್ವಲ್ಪ ಬೆಳೆದ ಮೇಲೆ ಮೇಜಿನ ಒಂದು ಮೂಲೆ ಅವನ ಪಾಲಿಗೂ ಬಂತು. ಎಂಟು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಆಕೆಯ ಒಡಹುಟ್ಟಿದವಳನ್ನೇ ಮದುವೆಯಾದ. ಅಷ್ಟರಲ್ಲಿ ಕುಟುಂಬ ನಡುನಾಡಿನ ಯುವಾಸ್ಕೂಲಾ ಎಂಬ ಪಟ್ಟಣಕ್ಕೆ ಬಂದು ನೆಲೆಸಿತ್ತು. ಸುತ್ತ ಕೆರೆ, ಬರ್ಚ್ ಮತ್ತು ಪೈನ್ ಮರದ ಕಾಡು.

1916ರಲ್ಲಿ ಹೆಲ್ಸಿಂಕಿಗೆ ಹೋಗಿ ವಾಸ್ತುಶಿಲ್ಪ ಓದಲು ಸೇರಿದ. ಮರುವರ್ಷ ದೇಶ ಸ್ವತಂತ್ರವಾಯಿತು. ಅದರ ಮರುವರ್ಷ ಅಂತರ್ಯುದ್ಧ. ಆಲ್ಟೊ ಬಿಳಿಯರ ಪಡೆ ಎಂದು ಕರೆಯುತ್ತಿದ್ದ ಪಕ್ಷದ ಕಡೆ ಬಂದೂಕು ಹಿಡಿದ. 1921ರಲ್ಲಿ ಓದು ಮುಗಿಸಿ, 1923ರಲ್ಲಿ ಯುವಾಸ್ಕೂಲಾಕ್ಕೆ ವಾಪಸು ಬಂದು ಕಚೇರಿ ತೆರೆದ. ಮಾತುಗಾರ, ಖರ್ಚುಗಾರ, ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸವಿಲ್ಲದವ. ಆತನನ್ನು ಬಲ್ಲವರೆಲ್ಲ ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಅಂಥವರ ಪಕ್ಕದಲ್ಲಿ ಕೂತು ಕೆಲಸ ಮಾಡಿದವರಿಗೆ ಮಾತ್ರ ಆ ಪ್ರೀತಿಯ ಬೆಲೆ ಗೊತ್ತು.

ಆ ಕಚೇರಿಗೆ 1924ರಲ್ಲಿ ಐನೊ ಮಾರ್ಸಿಯೊ ಕೆಲಸಕ್ಕೆ ಬಂದಳು. ಆತನಿಗಿಂತ ನಾಲ್ಕು ವರ್ಷ ದೊಡ್ಡವಳು, ಆತನಿಗಿಂತ ಒಂದು ವರ್ಷ ಮೊದಲೇ ವಾಸ್ತುಶಿಲ್ಪದ ಪದವಿ ಪಡೆದವಳು. ಕಡಿಮೆ ಮಾತು, ಲೆಕ್ಕ ಗಟ್ಟಿ. ಅದೇ ವರ್ಷ ಅಕ್ಟೋಬರಿನಲ್ಲಿ ಇಬ್ಬರೂ ಮದುವೆಯಾಗಿ ಇಟಲಿಗೆ ಹೋಗಿಬಂದರು. ಫಿನ್ನಿಶ್ ಭಾಷೆಯಲ್ಲಿ ಆಲ್ಟೊ ಅಂದರೆ ಅಲೆ. ಎರಡು ಭಾಷೆಗೂ ಯಾವ ನಂಟೂ ಇಲ್ಲ, ಆದರೂ ಕನ್ನಡದ ಕಿವಿಗೆ ಇದು ಹಿತವಾಗಿ ಕೇಳುತ್ತದೆ.

1927ರಲ್ಲಿ ಗಂಡ ಹೆಂಡತಿ ತೀರದ ನಗರ ತುರ್ಕುವಿಗೆ ಮನೆ ಬದಲಿಸಿದರು. ಅಲ್ಲಿ ಮೂರನೆಯವನ ಪರಿಚಯವಾಯಿತು. ಓಟ್ಟೊ ಕೊರ್ಹೊನೆನ್, ಪೀಠೋಪಕರಣ ಕಾರ್ಖಾನೆಯ ಮುಖ್ಯಸ್ಥ, ಮರದ ಕೆಲಸ ಕೈಯಿಂದಲೇ ಕಲಿತವ. ಅಷ್ಟರಲ್ಲಿ ಜರ್ಮನಿಯಲ್ಲಿ ಮಾರ್ಸೆಲ್ ಬ್ರೊಯರ್ ಎಂಬ ವಿನ್ಯಾಸಕಾರ ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದ್ದ. ಯುರೋಪಿನ ಹೊಸ ತಲೆಮಾರಿನ ವಾಸ್ತುಶಿಲ್ಪಿಗಳೆಲ್ಲ ಅದನ್ನು ತರಿಸಿ ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ಆಲ್ಟೊ ದಂಪತಿಯ ಮನೆಗೂ ಅದು ಬಂತು. ಕೂತು ನೋಡಿದ ಮೇಲೆ ಆಲ್ಟೊನಿಗೆ ಅನಿಸಿದ್ದು, ಆಕಾರ ಚೆನ್ನ, ಆದರೆ ಮೈಗೆ ತಾಗಿದರೆ ಚಳಿ, ಬೆಳಕು ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ, ಸದ್ದನ್ನು ನುಂಗುವ ಬದಲು ವಾಪಸು ಎಸೆಯುತ್ತದೆ. ಫಿನ್‌ಲೆಂಡಿನ ಜನವರಿಯಲ್ಲಿ ಉಕ್ಕಿನ ಹಿಡಿಕೆ ಮುಟ್ಟಿದರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಅದೇ ಬಾಗು, ಅದೇ ಸ್ಪ್ರಿಂಗಿನಂಥ ಗುಣ ಮರದಲ್ಲಿ ಬರಬೇಕು. ಆ ದೇಶದಲ್ಲಿ ಹೇರಳವಾಗಿ ಸಿಗುವ ಮರ ಬರ್ಚ್. ತೇಗದ ಹಾಗೆ ನೀರು ತಡೆಯುವುದಲ್ಲ, ಬೀಟೆಯ ಹಾಗೆ ಬಣ್ಣದ್ದೂ ಅಲ್ಲ. ಬಿಳಿಚು, ಸಾಧಾರಣ ಮರ.

ಕೊರ್ಹೊನೆನ್ ಕಾರ್ಖಾನೆಯಲ್ಲಿ ಮೂವರೂ ವರ್ಷಗಟ್ಟಲೆ ಪದರಗಳನ್ನು ಅಂಟಿಸಿ, ಅಚ್ಚಿಗೆ ಹಾಕಿ, ಬಗ್ಗಿಸಿ, ಮುರಿದು ನೋಡಿದರು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ನಮ್ಮ ಬಡಿಗರಿಗೆ ನಾನು ವಿವರಿಸಿದ್ದೂ ಇದನ್ನೇ. ದಪ್ಪ ನೋಟ್‌ಬುಕ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ. ಹೊರಗಿನ ಹಾಳೆ ಹೆಚ್ಚು ದೂರ ಸುತ್ತಬೇಕು, ಒಳಗಿನದು ಕಡಿಮೆ. ಗಟ್ಟಿ ಮರದಲ್ಲಿ ಹೀಗೆ ಜಾರಲು ಅವಕಾಶವಿಲ್ಲ, ಹಾಗಾಗಿ ಹೊರಮೈ ಸೀಳುತ್ತದೆ. ಈಗ ನೋಟ್‌ಬುಕ್ಕಿನ ಹಾಳೆಗಳ ನಡುವೆ ಅಂಟು ಹಚ್ಚಿ ಬಗ್ಗಿಸಿ ಒಣಗಲು ಬಿಟ್ಟರೆ? ಕೈ ಬಿಟ್ಟರೂ ಬಾಗು ಬಾಗಾಗಿಯೇ ಉಳಿಯುತ್ತದೆ. ಅವರು ಮಾಡಿದ್ದು ಇಷ್ಟು: ಬರ್ಚ್ ಕಾಲಿನ ಮೇಲಿನ ತುದಿಯಲ್ಲಿ ನಾರಿನ ಗುಂಟ ಬಾಚಣಿಗೆಯ ಹಲ್ಲಿನಂತೆ ಸೀಳು ಕೊರೆದು, ಪ್ರತಿ ಸೀಳಿನಲ್ಲೂ ತೆಳು ಮರದ ಪಟ್ಟಿಯನ್ನು ಅಂಟು ಹಚ್ಚಿ ತೂರಿಸಿ, ಕಾವು ಕೊಟ್ಟು ಬಗ್ಗಿಸಿದರು. ಕೆಳಗಿನ ಕಾಲು ಗಟ್ಟಿ ಮರವಾಗಿಯೇ ಉಳಿಯಿತು, ಮೇಲಿನದು ಲಂಬಕೋನಕ್ಕೆ ತಿರುಗಿತು. ಈ ಕಾಲಿಗೆ 1933ರಲ್ಲಿ ಪೇಟೆಂಟ್ ಬಂತು, ಆಲ್ವಾರ್ ಆಲ್ಟೊ ಹೆಸರಿನಲ್ಲಿ.

ಇದಕ್ಕೂ ಮುಂಚೆ ಇನ್ನೊಂದು ಕುರ್ಚಿ ಬಂದಿತ್ತು. ನನಗೆ ಮುಖ್ಯವಾದದ್ದು ಅದು.

ತುರ್ಕುವಿನಿಂದ ಸುಮಾರು 30 ಕಿಲೋಮೀಟರ್ ದೂರದ ಪೈಮಿಯೊದಲ್ಲಿ ಕ್ಷಯರೋಗಿಗಳಿಗಾಗಿ ಸ್ಯಾನಟೋರಿಯಂ ಕಟ್ಟಲು ಸುತ್ತಲಿನ ಊರುಗಳು ಸೇರಿ ನಿರ್ಧರಿಸಿದ್ದವು. 1929ರಲ್ಲಿ ವಿನ್ಯಾಸದ ಸ್ಪರ್ಧೆ ಗೆದ್ದದ್ದು ಆಲ್ಟೊ. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಲ್ಲಿಯವರೆಗೆ ಚಿಕಿತ್ಸೆ ಅಂದರೆ ಬಿಸಿಲು, ಗಾಳಿ, ಊಟ, ತಿಂಗಳುಗಟ್ಟಲೆ ಸುಮ್ಮನೆ ಮಲಗುವುದು. ಆಸ್ಪತ್ರೆಯ ಕಟ್ಟಡವೇ ಔಷಧಿ. ತಾನೂ ಆ ದಿನಗಳಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ, ಕೋಣೆಗಳನ್ನೆಲ್ಲ ನಿಂತವನಿಗಾಗಿ ಕಟ್ಟಿರುತ್ತಾರೆ, ಮಲಗಿದವನನ್ನು ಯಾರೂ ನೆನೆಸುವುದಿಲ್ಲ ಎಂಬುದು ಹೊಳೆಯಿತೆಂದು ಆತ ಆಮೇಲೆ ಹೇಳಿಕೊಂಡ. ಆತ ಕತೆ ಕಟ್ಟುವುದರಲ್ಲೂ ನಿಪುಣ, ಅದಿರಲಿ. ಕಟ್ಟಡ ಮಾತ್ರ ಆ ಮಾತಿಗೆ ಸರಿಯಾಗಿಯೇ ಎದ್ದಿತು.

ಇಬ್ಬರಿಗೊಂದು ಕೋಣೆ. ಮಲಗಿದವನು ಇಡೀ ದಿನ ನೋಡುವುದು ಚಾವಣಿಯನ್ನು, ಹಾಗಾಗಿ ಚಾವಣಿಗೆ ಕಣ್ಣಿಗೆ ತಂಪಾದ ಹಸಿರು ಬಣ್ಣ. ದೀಪ ಕಣ್ಣಿಗೆ ನೇರ ಬೀಳದ ಜಾಗದಲ್ಲಿ. ಬಿಸಿ ಬರುವುದು ಚಾವಣಿಯ ಫಲಕದಿಂದ, ಅದೂ ತಲೆಗಲ್ಲ, ಕಾಲಿನ ಕಡೆಗೆ. ಕೈ ತೊಳೆಯುವ ಬೇಸಿನ್ನಿಗೆ ಎಂಥ ಓರೆ ಕೊಟ್ಟಿದ್ದರೆಂದರೆ, ನಲ್ಲಿಯ ನೀರು ಬಿದ್ದರೆ ಸದ್ದಾಗಬಾರದು, ಪಕ್ಕದ ಮಂಚದವನ ನಿದ್ದೆ ಕೆಡಬಾರದು. ಬಾಗಿಲ ಹಿಡಿಕೆಗೆ ಡಾಕ್ಟರರ ಕೋಟಿನ ತೋಳು ಸಿಕ್ಕಿಕೊಳ್ಳದಂಥ ಬಾಗು. ಸುಮಾರು 300 ಮಂಚಗಳ ಈ ಆಸ್ಪತ್ರೆ 1933ರಲ್ಲಿ ಬಾಗಿಲು ತೆರೆಯಿತು.

ಪೈಮಿಯೊ ಕುರ್ಚಿ ಎಂದು ಹೆಸರಾದದ್ದು ಈ ಆಸ್ಪತ್ರೆಯ ಕೆಲಸದ ಹೊತ್ತಿನಲ್ಲೇ, 1931-32ರಲ್ಲಿ ತಯಾರಾಯಿತು. ಎರಡೂ ಬದಿಗೆ ಬರ್ಚಿನ ಪದರಗಳನ್ನು ಬಗ್ಗಿಸಿ ಮಾಡಿದ ಮುಚ್ಚಿದ ಬಳೆಯಂಥ ಚೌಕಟ್ಟು. ಅದೇ ಕಾಲು, ಅದೇ ಕೈ. ಎರಡರ ನಡುವೆ ಒಂದೇ ತೆಳು ಪ್ಲೈವುಡ್ ಹಾಳೆ ತೂಗಿದ ಹಾಗೆ ಕೂತಿದೆ. ಬೆನ್ನಿನಿಂದ ಇಳಿದು ಸೀಟಾಗಿ, ತಲೆಯ ಕಡೆಯೂ ಮೊಣಕಾಲಿನ ಕಡೆಯೂ ಸುರುಳಿ ಸುತ್ತಿಕೊಳ್ಳುತ್ತದೆ. ಮೆತ್ತೆಯಿಲ್ಲ, ಬಟ್ಟೆಯಿಲ್ಲ. ದಿಂಬಿನೊಳಗೆ ಧೂಳು, ಕಫ, ರೋಗಾಣು ಕೂರುವ ಪ್ರಶ್ನೆಯೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಬೆನ್ನಿನ ಓರೆ ಎಷ್ಟಿರಬೇಕು ಎಂಬುದನ್ನು ನಿಶ್ಚಯಿಸಿದ್ದು ಚಂದಕ್ಕಲ್ಲ, ಉಸಿರಿಗೆ. ಆ ಓರೆಯಲ್ಲಿ ಒರಗಿದರೆ ಎದೆ ತೆರೆದುಕೊಂಡು ಉಸಿರಾಟ ಹಗುರಾಗುತ್ತದೆ. ಫೋಟೊದಲ್ಲಿ ನೋಡಿದರೆ ಗಟ್ಟಿ ಹಲಗೆಯಂತೆ ಕಾಣುತ್ತದೆ. ಹಾಳೆ ತೆಳುವಾದ್ದರಿಂದ ಭಾರ ಬಿದ್ದಾಗ ಮಣಿಯುತ್ತದೆ, ಅದೇ ಅದರ ಮೆತ್ತೆ.

ನನ್ನ ಅಜ್ಜನಿಗೆ 1952ರಲ್ಲಿ ಕ್ಷಯವಾಗಿತ್ತು. ಅಥಣಿಯಿಂದ ಮಿರಜ್ ಹತ್ತಿರ. ಅಮೆರಿಕದ ಮಿಷನರಿಗಳು ಕಟ್ಟಿದ ವಾನ್‌ಲೆಸ್‌ವಾಡಿಯ ಆಸ್ಪತ್ರೆಗೆ ನಮ್ಮ ಸೀಮೆಯ ಅದೆಷ್ಟೋ ಮನೆಗಳಿಂದ ಜನ ಹೋಗುತ್ತಿದ್ದರು. ಅಜ್ಜ ಅಲ್ಲಿ ಹನ್ನೊಂದು ತಿಂಗಳು ಮಲಗಿದ್ದ. ಅಷ್ಟರಲ್ಲಿ ಸ್ಟ್ರೆಪ್ಟೊಮೈಸಿನ್ ಸೂಜಿ ಬಂದಿತ್ತು, ಬದುಕಿದ. ಆ ದಿನಗಳ ಬಗ್ಗೆ ಅವನು ಹೇಳುತ್ತಿದ್ದುದು ಒಂದೇ: ಮೇಲೆ ನೋಡಿ ನೋಡಿ ಚಾವಣಿಯ ತೊಲೆ, ಹಂಚು ಎಲ್ಲ ಬಾಯಿಪಾಠವಾಗಿತ್ತಂತೆ. ಚಿಕ್ಕವನಿದ್ದಾಗ ನನಗೆ ಇದು ತಮಾಷೆಯಾಗಿ ಕೇಳುತ್ತಿತ್ತು. ಪೈಮಿಯೊದ ಹಸಿರು ಚಾವಣಿಯ ಬಗ್ಗೆ ಓದಿದ ರಾತ್ರಿ ತಮಾಷೆ ಅನಿಸಲಿಲ್ಲ.

ಅಜ್ಜ ವಾಪಸು ಬಂದಾಗ ಪಡಸಾಲೆಯಲ್ಲಿ ಅವನಿಗಾಗಿ ಒಂದು ಆರಾಮ ಕುರ್ಚಿ ಬಂತು. ಸಾಗವಾನಿ ಚೌಕಟ್ಟು, ದಪ್ಪ ಕ್ಯಾನ್ವಾಸ್ ಬಟ್ಟೆ. ಅಜ್ಜಿ ಎಂಟು ದಿನಕ್ಕೊಮ್ಮೆ ಬಟ್ಟೆ ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದುತ್ತಿದ್ದಳು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕುರ್ಚಿ. ಡಾಕ್ಟರು ಗುಣವಾಗಿದೆ ಎಂದು ಬರೆದುಕೊಟ್ಟ ಮೇಲೂ, ಅದಾಗಿ 40 ವರ್ಷ ಕಳೆದ ಮೇಲೂ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರಲಿಲ್ಲ. ಯಾಕೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗರು ಕೂತರೆ ದೊಡ್ಡವರು ಕಣ್ಣಲ್ಲೇ ಎಬ್ಬಿಸುತ್ತಿದ್ದರು. ಅಜ್ಜ ಅದನ್ನು ನೋಡಿಯೂ ನೋಡದವನಂತೆ ಪೇಪರು ಓದುತ್ತಿದ್ದ.

ಪೈಮಿಯೊ ಕುರ್ಚಿ ಆ ಆಸ್ಪತ್ರೆಯೊಳಗೇ ಉಳಿಯಲಿಲ್ಲ. ರೋಗವಿಲ್ಲದವರೂ ಅದನ್ನು ಆಸೆಪಟ್ಟು ಮನೆಗೆ ಕೊಂಡರು. 1933ರ ನವೆಂಬರಿನಲ್ಲಿ ಲಂಡನ್ನಿನ ಫಾರ್ಟ್‌ನಮ್ ಅಂಡ್ ಮೇಸನ್ ಎಂಬ ಸಿರಿವಂತರ ಅಂಗಡಿಯಲ್ಲಿ ಈ ಮರದ ಕುರ್ಚಿಗಳ ಪ್ರದರ್ಶನ ನಡೆದು, ಬೇಡಿಕೆ ಪೂರೈಸಲಾಗದಷ್ಟು ಬಂತು. ಕ್ಷಯದವನ ಕುರ್ಚಿ ಲಂಡನ್ನಿನ ಶ್ರೀಮಂತರ ಪಡಸಾಲೆಗೆ ಹೋಯಿತು. ನಮ್ಮ ಮನೆಯ ಕುರ್ಚಿ ಪಡಸಾಲೆಯಲ್ಲಿದ್ದೂ ಆಸ್ಪತ್ರೆಯಲ್ಲೇ ಇತ್ತು.

ಈಗ ಮೂರು ಕಾಲಿನ ಸ್ಟೂಲಿಗೆ ಬರುತ್ತೇನೆ. ವೀಪುರಿ ಎಂಬ ನಗರದ ಗ್ರಂಥಾಲಯವನ್ನೂ ಆಲ್ಟೊನೇ ಕಟ್ಟುತ್ತಿದ್ದ. ಸ್ಪರ್ಧೆ ಗೆದ್ದದ್ದು 1927ರಲ್ಲಿ, ಮುಗಿದದ್ದು 1935ರಲ್ಲಿ. ಅಲ್ಲಿನ ಉಪನ್ಯಾಸದ ಸಭಾಂಗಣಕ್ಕೆ ಅಲೆಯಲೆಯಾದ ಮರದ ಚಾವಣಿ, ಕೂರಲು ಈ ಸ್ಟೂಲುಗಳು. ಬಾಗಿದ ಕಾಲನ್ನು ದುಂಡು ಹಲಗೆಯ ತಳಕ್ಕೆ ನೇರ ಸ್ಕ್ರೂ ಹಾಕಿ ಕೂರಿಸಿದರೆ ಆಯಿತು, ಗೂಟ, ಕೀಲು, ಅಡ್ಡಪಟ್ಟಿ ಏನೂ ಬೇಡ. ಮೂರು ಕಾಲಾದ್ದರಿಂದ ನೆಲ ಏರುಪೇರಾಗಿದ್ದರೂ ಕುಂಟುವುದಿಲ್ಲ. ಒಂದರ ಮೇಲೊಂದು ಸ್ವಲ್ಪ ತಿರುವಿ ಪೇರಿಸಿದರೆ ಸುರುಳಿ ಗೋಪುರದಂತೆ ಏರುತ್ತದೆ, ಜಾಗ ಉಳಿಯುತ್ತದೆ. ಅದೇ ಕಾಲನ್ನು ಉದ್ದ ಮಾಡಿ ಮೇಜಿಗೆ, ಬೆನ್ನು ಕೂಡಿಸಿ ಕುರ್ಚಿಗೆ, ಗಿಡ್ಡ ಮಾಡಿ ಮಕ್ಕಳ ಕುರ್ಚಿಗೆ ಹಾಕಿದರು. ನಮ್ಮ ಕಸುಬಿನವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಒಂದು ಫಂಕ್ಷನ್ ಚೆನ್ನಾಗಿ ಬರೆದಿಟ್ಟರೆ ಹತ್ತು ಕಡೆ ಕರೆಯಬಹುದು.

ಆ ಫಂಕ್ಷನ್ ಬರೆದವರು ಯಾರು ಎಂಬಲ್ಲಿ ನನ್ನ ತಕರಾರು ಶುರು. ಸಾಫ್ಟ್‌ವೇರಿನಲ್ಲಿ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಕಮ್ಯಾಂಡ್ ಇದೆ. ಆದರೂ ಹತ್ತು ಜನ ಸೇರಿ ಮಾಡಿದ್ದನ್ನು ಸ್ಲೈಡಿನಲ್ಲಿ ಒಬ್ಬರ ಹೆಸರಿನಲ್ಲಿ ತೋರಿಸುವುದನ್ನು ನಾವೆಲ್ಲ ನೋಡಿದ್ದೇವೆ, ಕೆಲವೊಮ್ಮೆ ಆ ಒಬ್ಬರು ನಾವೇ ಆಗಿರುತ್ತೇವೆ. ಮರಕ್ಕೆ ಅಂಥ ಕಮ್ಯಾಂಡ್ ಇಲ್ಲ. ಎಷ್ಟು ತೇವದಲ್ಲಿ ಬರ್ಚ್ ಬಾಗುತ್ತದೆ, ಎಷ್ಟು ದಪ್ಪದ ಪಟ್ಟಿ ಸೀಳದೆ ತಿರುಗುತ್ತದೆ ಎಂಬುದು ಹೆಲ್ಸಿಂಕಿಯ ಕಾಲೇಜಿನಲ್ಲಿ ಕಲಿಸುವ ವಿದ್ಯೆಯಲ್ಲ, ಕೊರ್ಹೊನೆನ್ ಕಾರ್ಖಾನೆಯ ಕೈಗಳದ್ದು. ಆತ 1935ರಲ್ಲೇ, ಕುರ್ಚಿಗಳು ಹೊರದೇಶಕ್ಕೆ ಹೋಗತೊಡಗಿದ್ದ ಹೊತ್ತಿನಲ್ಲಿ, ತೀರಿಹೋದ. ಕಾರ್ಖಾನೆ ಮುಂದೆಯೂ ನಡೆಯಿತು, ಆಲ್ಟೊ ವಿನ್ಯಾಸದ ಕುರ್ಚಿಗಳನ್ನು ಮಾಡುತ್ತಲೇ ಹೋಯಿತು. ಪೆಟ್ಟಿಗೆಯ ಮೇಲೆ ಬೇರೆ ಹೆಸರಿತ್ತು, ಅಷ್ಟೆ.

ಅದೇ 1935ರ ಅಕ್ಟೋಬರಿನಲ್ಲಿ ಹೆಲ್ಸಿಂಕಿಯಲ್ಲಿ ಆರ್ಟೆಕ್ ಕಂಪನಿ ಹುಟ್ಟಿತು. ಕಲೆ ಮತ್ತು ತಂತ್ರಜ್ಞಾನ ಎರಡೂ ಪದ ಸೇರಿಸಿ ಇಟ್ಟ ಹೆಸರು. ಸ್ಥಾಪಕರು ನಾಲ್ವರು: ಆಲ್ಟೊ ದಂಪತಿ, ಹಣವಂತ ಮನೆತನದ ಮೈರೆ ಗುಲ್ಲಿಕ್ಸೆನ್, ಕಲಾ ವಿಮರ್ಶಕ ನಿಲ್ಸ್-ಗುಸ್ತಾವ್ ಹಾಲ್. ವಿನ್ಯಾಸದ ಹೊಣೆ ಐನೊಳದ್ದು. ಹಾಲ್ ಯುದ್ಧದಲ್ಲಿ ಸತ್ತ ಮೇಲೆ, 1941ರಿಂದ ಇಡೀ ಕಂಪನಿಯನ್ನು ನಡೆಸಿದ್ದೂ ಆಕೆಯೇ. ಶಿಶುವಿಹಾರಗಳ ಪುಟ್ಟ ಕುರ್ಚಿ ಮೇಜು, ಹೋಟೆಲಿನ ಒಳಾಂಗಣ, ಪರದೆಯ ಬಟ್ಟೆ, ಗಿರಾಕಿಗೆ ಕಾಗದ, ಕಾರ್ಖಾನೆಗೆ ತಗಾದೆ, ಎಲ್ಲ ಆಕೆಯ ಮೇಜಿನ ಮೇಲೆ. 1932ರಲ್ಲಿ ಆಕೆ ವಿನ್ಯಾಸ ಮಾಡಿದ ಗೆರೆಗೆರೆಯ ಗಾಜಿನ ಲೋಟ ಇಂದಿಗೂ ಮಾರಾಟದಲ್ಲಿದೆ. ಇಬ್ಬರೂ ಸೇರಿ ಸಹಿ ಹಾಕಿದ ನಕಾಶೆಗಳಿವೆ. ಯಾವ ಗೆರೆ ಯಾರದೆಂದು ಅವರೇ ಬೇರೆ ಮಾಡಿಡಲಿಲ್ಲ. 1938ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಈ ಕಟ್ಟಡ, ಕುರ್ಚಿಗಳ ಪ್ರದರ್ಶನ ಇಟ್ಟಾಗ ದೊಡ್ಡಕ್ಷರದಲ್ಲಿದ್ದದ್ದು ಗಂಡನ ಹೆಸರು.

ಆಲ್ಟೊನನ್ನು ಇದಕ್ಕೆ ಕಳ್ಳ ಎನ್ನಲಾರೆ. ಅಂಥ ಮನುಷ್ಯನಿಲ್ಲದಿದ್ದರೆ ತುರ್ಕುವಿನ ಕಾರ್ಖಾನೆಯ ಬಾಗಿದ ಪಟ್ಟಿ ಲಂಡನ್ ತಲುಪುತ್ತಿರಲಿಲ್ಲ. ಮಲಗಿದವನ ಕಣ್ಣಿನಿಂದ ಕೋಣೆ ನೋಡಬೇಕು ಎಂಬ ಹಟ ಆತನದೇ. ಆದರೆ ಅಷ್ಟು ಸೂಕ್ಷ್ಮವಾಗಿ ರೋಗಿಯ ಕಿವಿಗೆ ಬೀಳುವ ನಲ್ಲಿಯ ಸದ್ದನ್ನು ಕೇಳಿಸಿಕೊಂಡವನಿಗೆ, ಪಕ್ಕದ ಮೇಜಿನಲ್ಲಿ ಕೂತವಳ ದಣಿವು ಎಷ್ಟು ಕೇಳಿಸಿತ್ತೋ ಎಂದು ಅನುಮಾನ ಬರುತ್ತದೆ.

ಯುದ್ಧದ ವರ್ಷಗಳನ್ನು ಬೇಗ ದಾಟುತ್ತೇನೆ. ಸೋವಿಯತ್ ಒಕ್ಕೂಟದ ಜೊತೆ ಎರಡು ಯುದ್ಧ, ವೀಪುರಿ ನಗರವೇ ಕೈಬಿಟ್ಟುಹೋಯಿತು. ಗ್ರಂಥಾಲಯ ಗಡಿಯಾಚೆ ಉಳಿದು, ದಶಕಗಟ್ಟಲೆ ಹಾಳು ಸುರಿದು, 2013ರ ಹೊತ್ತಿಗೆ ಮತ್ತೆ ದುರಸ್ತಿಯಾಯಿತು. ಯುದ್ಧ ಮುಗಿದ ಮೇಲೆ ಆಲ್ಟೊ ಅಮೆರಿಕದ ಎಂಐಟಿಯಲ್ಲಿ ಪಾಠ ಹೇಳಲು ಹೋಗಿಬರತೊಡಗಿದ, ಅಲ್ಲಿ ನದಿಯ ದಡಕ್ಕೆ ಅಲೆಯಾಕಾರದ ವಿದ್ಯಾರ್ಥಿ ನಿಲಯ ಕಟ್ಟಿದ. ಗಂಡ ಸಾಗರದಾಚೆ ಇದ್ದಾಗ ಹೆಲ್ಸಿಂಕಿಯಲ್ಲಿ ಕಂಪನಿ, ಕಚೇರಿ, ಇಬ್ಬರು ಮಕ್ಕಳು ಐನೊಳ ಪಾಲು. ಆಕೆಗೆ ಕ್ಯಾನ್ಸರ್ ಆಗಿತ್ತು. 1949ರ ಜನವರಿ 13ರಂದು, 55 ತುಂಬುವ ಮುಂಚೆಯೇ ತೀರಿಕೊಂಡಳು.

ಆಲ್ಟೊ ಕುಸಿದುಹೋದ. ಕುಡಿತ ಮೊದಲೂ ಇತ್ತು, ಹೆಚ್ಚಾಯಿತು. ಮೂರು ವರ್ಷದ ನಂತರ ತನ್ನ ಕಚೇರಿಯಲ್ಲೇ ಕೆಲಸಕ್ಕಿದ್ದ, ತನಗಿಂತ 24 ವರ್ಷ ಚಿಕ್ಕವಳಾದ ಎಲಿಸ್ಸಾಳನ್ನು ಮದುವೆಯಾದ. ಮತ್ತೆ ಒಬ್ಬಳು ವಾಸ್ತುಶಿಲ್ಪಿ, ಮತ್ತೆ ಅದೇ ಕಚೇರಿ. ಮುಂದಿನ ವರ್ಷಗಳಲ್ಲಿ ಬಂದದ್ದು ಹೆಚ್ಚಾಗಿ ಇಟ್ಟಿಗೆಯ ಕಟ್ಟಡಗಳು. ಕುರ್ಚಿಯ ಕಾಲಿನ ವಿಷಯದಲ್ಲಿ 1954ರಲ್ಲಿ ಇನ್ನೊಂದೇ ಹೊಸ ಮಾತು: ಬಾಗಿದ ಕಾಲನ್ನು ತೆಳುವಾಗಿ ಸೀಳಿ ಬೀಸಣಿಗೆಯಂತೆ ಜೋಡಿಸಿದ ಸ್ಟೂಲು. ನೋಡಲು ಬಹಳ ಚಂದ. ಮಾಡಲು ಕಷ್ಟ, ಹಾಗಾಗಿ ದುಬಾರಿ. 1933ರ ಸ್ಟೂಲಿನ ಸರಳತನ ಅದಕ್ಕಿಲ್ಲ ಎಂದು ನನ್ನ ಅಭಿಪ್ರಾಯ.

ಅಷ್ಟು ಹೊತ್ತಿಗೆ ಫಿನ್‌ಲೆಂಡಿನಲ್ಲಿ ಬೇರೆಯವರೂ ಎದ್ದಿದ್ದರು. ಇಲ್ಮರಿ ತಾಪಿಯೊವಾರಾ 1946ರಲ್ಲಿ ವಿದ್ಯಾರ್ಥಿ ನಿಲಯಕ್ಕಾಗಿ ಗಿಡ್ಡ ಕೈಗಳ ಪ್ಲೈವುಡ್ ಕುರ್ಚಿ ಮಾಡಿದ್ದ, ಓದುವ ಮೇಜಿನ ಹತ್ತಿರ ಸರಿಸಿಕೊಂಡು ಕೂರಲು ಆ ಕೈ ಅಡ್ಡಬರುವುದಿಲ್ಲ. 60ರ ದಶಕದಲ್ಲಿ ಈರೊ ಆರ್ನಿಯೊ ಮರವನ್ನೇ ಬಿಟ್ಟು ಫೈಬರ್‌ಗ್ಲಾಸಿನ ಚೆಂಡಿನೊಳಗೆ ಜನರನ್ನು ಕೂರಿಸಿದ. ಹೊಸ ಹುಡುಗರ ಕಣ್ಣಿಗೆ ಆಲ್ಟೊ ಹಳಬನಾದ. ಆತನಿಗೂ ಅದು ಗೊತ್ತಿತ್ತು. ಪ್ರವಾದಿಗೆ ಸ್ವಂತ ನಾಡಿನಲ್ಲಿ ಮರ್ಯಾದೆಯಿಲ್ಲ ಎಂಬ ಅರ್ಥದ ಲ್ಯಾಟಿನ್ ಹೆಸರನ್ನು ತನ್ನ ದೋಣಿಗೆ ಇಟ್ಟುಕೊಂಡಿದ್ದ. ಬ್ರಿಟನ್ನಿನವರು, ಅಮೆರಿಕದವರು ಚಿನ್ನದ ಪದಕ ಕೊಟ್ಟ ಮನುಷ್ಯನಿಗೆ ಈ ಮುನಿಸು ಸ್ವಲ್ಪ ಹೆಚ್ಚಾಯಿತು ಅನಿಸುತ್ತದೆ.

ಕೊನೆಯ ದೊಡ್ಡ ಕೆಲಸ 1971ರ ಫಿನ್‌ಲಾಂಡಿಯಾ ಹಾಲ್. ಇಟಲಿಯ ಮೇಲಿನ ಮೋಹದಿಂದ ಅದರ ಹೊರಮೈಗೆ ಕರಾರ ಅಮೃತಶಿಲೆ ಹೊದಿಸಿದ. ಹೆಲ್ಸಿಂಕಿಯ ಹಿಮ, ಬಿಸಿಲಿಗೆ ಆ ಶಿಲೆಯ ಹಲಗೆಗಳು ಬಟ್ಟಲಿನಂತೆ ಬಾಗತೊಡಗಿ, ಮುಂದೆ ಎಲ್ಲವನ್ನೂ ತೆಗೆದು ಬದಲಿಸಬೇಕಾಯಿತು. ಬಾಗದ ಮರವನ್ನು ಬಾಗಿಸಿದವನಿಗೆ ಕಲ್ಲು ತಾನಾಗಿ ಬಾಗೀತು ಎಂಬುದು ಹೊಳೆಯಲಿಲ್ಲ. ನಮ್ಮ ಬಡಿಗರಿಗೆ ಈ ಭಾಗ ಬಹಳ ಇಷ್ಟವಾಯಿತು, ಎರಡು ಸಲ ಹೇಳಿಸಿಕೊಂಡರು.

1976ರ ಮೇ 11ರಂದು ಹೆಲ್ಸಿಂಕಿಯಲ್ಲಿ ಆಲ್ಟೊ ತೀರಿಕೊಂಡ. ಬಾಕಿ ಉಳಿದ ಕಟ್ಟಡಗಳನ್ನು ಎಲಿಸ್ಸಾ ಮುಗಿಸಿದಳು. ಮುಂದೆ ಆತನ ಮುಖ 50 ಮಾರ್ಕಿನ ನೋಟಿನ ಮೇಲೆ ಬಂತು. 2010ರಲ್ಲಿ ಒಂದು ವಿಶ್ವವಿದ್ಯಾಲಯಕ್ಕೇ ಆತನ ಹೆಸರಿಟ್ಟರು. 2020ರಲ್ಲಿ ವಿರ್ಪಿ ಸೂತಾರಿ ಎಂಬ ನಿರ್ದೇಶಕಿ ಆತನ ಬಗ್ಗೆ ಸಾಕ್ಷ್ಯಚಿತ್ರ ತೆಗೆದಾಗ ಐನೊಳಿಗೂ ಅದರಲ್ಲಿ ದೊಡ್ಡ ಜಾಗ ಸಿಕ್ಕಿತು. ಪೈಮಿಯೊದಲ್ಲಿ ಕ್ಷಯದ ಮಂಚಗಳು ಯಾವತ್ತೋ ಖಾಲಿಯಾದವು. ಸೂಜಿ, ಮಾತ್ರೆ ಬಂದ ಮೇಲೆ ಬಿಸಿಲ ಬಾಲ್ಕನಿಯಲ್ಲಿ ಮಲಗುವ ಕೆಲಸ ಯಾರಿಗೂ ಉಳಿಯಲಿಲ್ಲ.

ಸ್ಟೂಲಿನ ಕಾಲು ಈಗ ಗಟ್ಟಿಯಾಗಿದೆ. ಬಡಿಗರು ಹಳೇ ಸ್ಕ್ರೂ ತೆಗೆದು, ಹಿಗ್ಗಿದ ತೂತಿಗೆ ಬಿದಿರಿನ ಕಡ್ಡಿ, ಅಂಟು ತುಂಬಿ, ಹೊಸ ಸ್ಕ್ರೂ ಹಾಕಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಬದಲಿಗೆ ಪೈಮಿಯೊ ಕುರ್ಚಿಯ ಫೋಟೊವನ್ನು ತಮ್ಮ ಮೊಬೈಲಿಗೆ ಕಳಿಸಿಸಿಕೊಂಡರು.

ದೀಪಾವಳಿಗೆ ಊರಿಗೆ ಫೋನ್ ಮಾಡಿದಾಗ ಅಜ್ಜನ ಕುರ್ಚಿ ಏನಾಯಿತು ಎಂದು ಅವ್ವನನ್ನು ಕೇಳಿದೆ. 1998ರಲ್ಲಿ ಅಜ್ಜ ಹೋದ ಮೇಲೆ ಅದನ್ನು ಅಟ್ಟಕ್ಕೆ ಏರಿಸಿದ್ದು, ಬಟ್ಟೆ ಇಲಿ ತಿಂದಿದೆ, ಚೌಕಟ್ಟು ಇದೆ ಎಂದಳು. ಪುಣೆಗೆ ತರುತ್ತೇನೆ ಎಂದೆ. ಅದರಲ್ಲಿ ಕೂರುವವರು ಯಾರು ಎಂದು ಕೇಳಿದಳು. ನಾನು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಮರುದಿನ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಕೆಳಗಿಳಿಸಿ, ಎಣ್ಣೆ ಹಚ್ಚಿ ಒರೆಸಿದ್ದಾಳಂತೆ. ಬಟ್ಟೆಯ ಅಗಲ ಎರಡು ಗೇಣು, ನಾಲ್ಕು ಬೆರಳು.